ಮೂರನೇ ಕೋಣೆಯ ಹಸಿರು ಅಂಕಿ

ಒಳಗಿನಿಂದ ಅಗುಳಿ ಹಾಕಿದ ಮೇಲೆಯೇ ತಂಗಿಗೆ ಹೊಳೆದದ್ದು, ಆ ಕೋಣೆಗೆ ಇನ್ನೊಂದು ಬಾಗಿಲಿಲ್ಲ ಎಂದು.

ಇದ್ದದ್ದು ಒಂದೇ ಬಾಗಿಲು, ಅದರ ಪಕ್ಕದಲ್ಲಿ ಗೋಡೆಯಗಲದ ದಪ್ಪ ಗಾಜು. ಗಾಜಿನಾಚೆ ಉದ್ದನೆಯ ಓಣಿಯಂಥ ನಡುದಾರಿ. ಅದರ ಎರಡೂ ಬದಿಗೆ ಸೇಬು ತುಂಬಿದ ಕೋಲ್ಡ್ ಸ್ಟೋರೇಜಿನ ಕೋಣೆಗಳು. ಒಳಗಿನ ಚಳಿ ಹೊರಗೆ ಸೋರದಂತೆ ಕಟ್ಟಡದ ಗೋಡೆಗಳಿಗೆಲ್ಲ ಗೇಣು ದಪ್ಪದ ಹೊದಿಕೆ ಹೊಡೆದಿದ್ದರು. ಆ ಹೊದಿಕೆ ಫೋನಿನ ಸಿಗ್ನಲ್ಲನ್ನೂ ಒಳಗೆ ಬಿಡುತ್ತಿರಲಿಲ್ಲ.

ಕಳೆದ ವಾರ ಮೂರನೇ ಕೋಣೆಗೆ ಕಾಲಿಟ್ಟ ಭಾವ ಹೊರಗೆ ಬಂದದ್ದು ಹೆಣವಾಗಿ. ಒಳಗೆ ಗಾಳಿ ಸರಿಯಾಗಿದೆ, ಹೋಗಿ ಎಂದು ಇದೇ ಕುರ್ಚಿಯಲ್ಲಿ ಕೂತು ಹೇಳಿದವಳು ಅವರ ಹೆಂಡತಿ, ಅಂದರೆ ಅಕ್ಕ.

ತಂಗಿ ಆ ಕುರ್ಚಿಯನ್ನು ಎಳೆದುಕೊಂಡು ಕೂತಳು. ಕಾವಲುಗಾರನಿಗೆ ಅವಳು ಹೇಳಿದ್ದು ಒಂದು, ಮಾಡಲು ಹೊರಟಿದ್ದು ಇನ್ನೊಂದು. ಅಕ್ಕನ ಕನ್ನಡಕ ಈ ಕಂಟ್ರೋಲ್ ರೂಮಿನಲ್ಲಿ ಉಳಿದುಬಿಟ್ಟಿದೆ, ತಗೊಂಡು ಬರುತ್ತೇನೆ ಎಂದಿದ್ದಳು. ಪಾಪ, ಅವನು ಮರುಮಾತಾಡದೆ ಬೀಗ ತೆಗೆದುಕೊಟ್ಟಿದ್ದ.

ಕನ್ನಡಕ ಮೇಜಿನ ಮೇಲೆಯೇ ಇತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು, ಅವಳು ಕಂಪ್ಯೂಟರಿನ ತೆರೆಯತ್ತ ತಿರುಗಿದಳು.

ಸೇಬು ಕಿತ್ತ ಮೇಲೂ ಉಸಿರಾಡುತ್ತದೆ. ಉಸಿರಾಡಿ ಉಸಿರಾಡಿಯೇ ಮಾಗಿ ಕೊಳೆಯುತ್ತದೆ. ಅದಕ್ಕೇ ಇಂಥ ಕಡೆ ಕೋಣೆಯ ಬಾಗಿಲು ಬಿಗಿದು, ಒಳಗಿನ ಆಮ್ಲಜನಕವನ್ನು ಹಿಂಡಿ ತೆಗೆದುಬಿಡುತ್ತಾರೆ. ಹಣ್ಣು ನಿದ್ದೆಹೋದಂತೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆದರೆ ಮನುಷ್ಯ ಅಲ್ಲಿ ಕಾಲಿಟ್ಟರೆ ನಾಲ್ಕು ಹೆಜ್ಜೆಯಲ್ಲಿ ಕುಸಿಯುತ್ತಾನೆ. ವಾಸನೆಯಿಲ್ಲ, ಕೆಮ್ಮಿಲ್ಲ, ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲವಂತೆ.

ಆದ್ದರಿಂದಲೇ ಇಲ್ಲಿನ ಕಟ್ಟುನಿಟ್ಟು: ಬಾಗಿಲ ಬಳಿ ನಿಂತವರು ಇಂಟರ್‌ಕಾಮಿನಲ್ಲಿ ಕೇಳಬೇಕು, ಕಂಪ್ಯೂಟರಿನ ಮುಂದೆ ಕೂತವರು ಅಂಕಿ ನೋಡಿ ಹೇಳಬೇಕು. ಭಾವ ಅಂದು ಕೇಳಿದ್ದರು. ಅಕ್ಕ ನೋಡಿ ಹೇಳಿದ್ದಳು. ಆದರೆ ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡ ದಾಖಲೆಯ ಪ್ರಕಾರ ಆ ಹೊತ್ತಿಗೆ ಮೂರನೇ ಕೋಣೆಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ತೆರೆಯ ಮೇಲೆ ಕೆಂಪು ಅಂಕಿ ಇರಲೇಬೇಕು.

ಹಸಿರು ಇತ್ತು, ಹಸಿರೇ ಇತ್ತು ಎಂದು ಅಕ್ಕ ಹೇಳುತ್ತಲೇ ಇದ್ದಳು. ನಂಬಿದವರು ಯಾರೂ ಇಲ್ಲ, ತಂಗಿಯೊಬ್ಬಳ ಹೊರತು.

ಇಲ್ಲಿಯವರೆಗೆ ಈ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ. ಉಳಿದ ಕೋಣೆಗಳ ಚಳಿ ಇದರ ಕೈಯಲ್ಲೇ ಇತ್ತು, ಆರಿಸಿದರೆ ಹಣ್ಣೆಲ್ಲ ಹಾಳು. ಇವತ್ತು ಬೆಳಿಗ್ಗೆ ಹೊಸ ಕಂಪ್ಯೂಟರ್ ಬಂದು ಬೇರೆ ಕೋಣೆಯಲ್ಲಿ ಕೆಲಸ ಶುರುಮಾಡಿತ್ತು. ಮಧ್ಯಾಹ್ನ ಪೊಲೀಸರು ಬಂದು ಹಳೆಯದನ್ನು ಪ್ರಯೋಗಾಲಯಕ್ಕೆ ಒಯ್ಯುವವರಿದ್ದರು. ಅಲ್ಲಿಂದ ವರದಿ ಬಂದರೆ ಅಕ್ಕನ ಬಂಧನ.

ದಯವಿಟ್ಟು ಆರಿಸಬೇಡಿ ಎಂದು ತಂಗಿ ನಿನ್ನೆಯೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಬೇಡಿಕೊಂಡಿದ್ದಳು. ಓಡುತ್ತಿರುವ ಕಂಪ್ಯೂಟರನ್ನು ವ್ಯಾನಿನಲ್ಲಿ ಹೇಗಮ್ಮ ಒಯ್ಯೋದು, ತೊಟ್ಟಿಲಲ್ಲಿ ಮಲಗಿಸಿಕೊಂಡಾ ಎಂದು ಆತ ನಕ್ಕುಬಿಟ್ಟಿದ್ದ. ಡಿಸ್ಕಿನಲ್ಲಿ ಬರೆದದ್ದು ಆರಿಸಿದರೂ ಉಳಿಯುತ್ತದೆ, ಸರಿ. ಆದರೆ ತೆರೆಯ ಮೇಲೆ ಏನೇನು ತೆರೆದಿದೆ, ಯಾವುದರ ಹಿಂದೆ ಯಾವುದು ಅಡಗಿದೆ ಎಂಬುದೆಲ್ಲ ಕರೆಂಟು ಇರುವವರೆಗೆ ಮಾತ್ರ. ಪ್ಲಗ್ ಕಿತ್ತ ಕ್ಷಣಕ್ಕೆ ಅದು ಹೋಯಿತು ಅಂದರೆ ಹೋಯಿತು.

ತಂಗಿಯ ಕಸುಬೇ ಅದು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕಿ ಸಂಬಳ ಎಣಿಸುವವಳು. ನಿನ್ನ ಎದುರು ಊಟಕ್ಕೆ ಕೂರೋದಕ್ಕೂ ಭಯ ಕಣಮ್ಮ, ನನ್ನ ತಟ್ಟೇಲೂ ಕಲ್ಲು ಹುಡುಕ್ತೀಯ ಎಂದು ಭಾವ ಛೇಡಿಸುತ್ತಿದ್ದರು. ಅವಳು ಪೆನ್‌ಡ್ರೈವನ್ನು ಸಿಕ್ಕಿಸಿದಳು.

ಸಾಕ್ಷ್ಯದ ಮೇಲೆ ಕೈಯಾಡಿಸಬಾರದು. ಅದು ಅವಳಿಗೂ ಗೊತ್ತು. ಫೋನನ್ನು ಫೈಲುಗಳ ರಾಶಿಗೆ ಒರಗಿಸಿ, ತೆರೆಯೂ ತನ್ನ ಎರಡು ಕೈಗಳೂ ಕಾಣುವ ಹಾಗೆ ವಿಡಿಯೋ ಹಚ್ಚಿಟ್ಟು, ಆಮೇಲೆಯೇ ಮೌಸ್ ಹಿಡಿದಳು.

ಅವಳು ತಂದದ್ದು ಒಂದು ಪುಟ್ಟ ಪ್ರೋಗ್ರಾಮು. ಅದರಲ್ಲೊಂದು ಗುರಿಹಲಗೆಯಂಥ ಗುರುತು. ಅದನ್ನು ಒತ್ತಿ ಹಿಡಿದು ತೆರೆಯ ಮೇಲೆ ಎಳೆದಾಡಿದರೆ, ಯಾವ ವಿಂಡೋದ ಮೇಲೆ ಹೋಗುತ್ತದೋ ಅದರ ಸುತ್ತ ದಪ್ಪ ಚೌಕಟ್ಟು ಮೂಡುತ್ತದೆ. ಪಕ್ಕದಲ್ಲಿ ಅದರ ಜಾತಕ ಇಳಿಯುತ್ತದೆ: ಹೆಸರೇನು, ಯಾವ ಪ್ರೋಗ್ರಾಮಿಗೆ ಸೇರಿದ್ದು, ತೆರೆಯ ಯಾವ ಮೂಲೆಯಿಂದ ಎಷ್ಟು ದೂರ, ಎಷ್ಟು ಅಗಲ, ಎಷ್ಟು ಎತ್ತರ, ಕಾಣುತ್ತಿದೆಯೋ ಅಡಗಿದೆಯೋ.

ನೋಡುವವರಿಗೆ ಒಂದೇ ವಿಂಡೋ ಅನ್ನಿಸುವುದು ಎಷ್ಟೋ ಸಲ ಒಂದು ದೊಡ್ಡ ಕೂಡುಕುಟುಂಬ. ಹೊರಗಿನದು ಯಜಮಾನ. ಒಳಗಿನ ಒಂದೊಂದು ಗುಂಡಿಯೂ ಒಂದೊಂದು ಚೌಕವೂ ಅದರ ಮಕ್ಕಳು. ಮನೆಯವರು ಯಾರು, ಹೊರಗಿನಿಂದ ಬಂದು ಪಂಕ್ತಿಯಲ್ಲಿ ಕೂತವರು ಯಾರು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ.

ತೆರೆಯ ತುಂಬ ಕೋಣೆಗೊಂದರಂತೆ ಚೌಕಗಳಿದ್ದವು. ಬಾಕಿ ಎಲ್ಲದರಲ್ಲೂ ಅಂಕಿಗಳು ಹಿಂದೆ ಮುಂದೆ ತುಯ್ಯುತ್ತಿದ್ದವು. ಮೂರನೆಯದರಲ್ಲಿ ಮಾತ್ರ ಒಂದು ಕೆಂಪು ಅಡ್ಡಗೆರೆ. ಗಾಳಿ ಅಳೆಯುವ ಸೆನ್ಸರನ್ನು ಪೊಲೀಸರು ಬಿಚ್ಚಿಕೊಂಡು ಹೋಗಿದ್ದರಿಂದ ಅದಕ್ಕೆ ಹೇಳಲು ಏನೂ ಉಳಿದಿರಲಿಲ್ಲ.

ತಂಗಿ ಗುರಿಯನ್ನು ಒಂದೊಂದೇ ಚೌಕದ ಮೇಲೆ ಎಳೆದಳು. ಒಂದನೆಯದು, ಮನೆಯವನೇ. ಎರಡನೆಯದು, ಮನೆಯವನೇ. ಮೂರನೆಯದರ ಮೇಲೆ ಎಳೆಯುವಾಗ ಉಸಿರು ಬಿಗಿಹಿಡಿದಳು.

ಅದೂ ಮನೆಯವನೇ. ಅದೇ ಪ್ರೋಗ್ರಾಮು, ಅದೇ ಯಜಮಾನ. ಅನುಮಾನಪಡಲು ಕೂದಲೆಳೆಯಷ್ಟೂ ಜಾಗವಿಲ್ಲ.

ಅವಳು ಹಿಂದಕ್ಕೆ ಒರಗಿದಳು. ಅಕ್ಕ ಸುಳ್ಳು ಹೇಳಿದಳೇ ಎಂಬ ಮಾತು ಮೊದಲ ಸಲ ಮನಸ್ಸಿನ ಹೊಸ್ತಿಲಿಗೆ ಬಂದು ನಿಂತಿತು. ಅದನ್ನು ಒಳಗೆ ಕರೆಯದೆ ಅವಳು ಮತ್ತೆ ಮುಂದಕ್ಕೆ ಬಾಗಿದಳು. ಗುರಿ ಹಿಡಿಯುವುದು ಕಣ್ಣಿಗೆ ಕಾಣುವ ವಿಂಡೋವನ್ನು ಮಾತ್ರ. ಕಾಣದ್ದನ್ನು ಹಿಡಿಯಬೇಕಾದರೆ ಎಲ್ಲವನ್ನೂ ಸಾಲಾಗಿ ಕರೆದು ನಿಲ್ಲಿಸಬೇಕು.

ಕರೆದಳು. ಸಾಲು ಇಳಿಯಿತು, ಇಳಿಯುತ್ತಲೇ ಹೋಯಿತು.

ಅಡಗಿದ ವಿಂಡೋ ಇರುವುದೇನೂ ಅಪರಾಧವಲ್ಲ. ಯಾವ ಕಂಪ್ಯೂಟರಿನಲ್ಲೂ ಅವು ಬೇಕಾದಷ್ಟಿರುತ್ತವೆ. ಪ್ರಿಂಟರಿನದೊಂದು, ಧ್ವನಿಯದೊಂದು, ವೈರಸ್ ಕಾಯುವ ಪ್ರೋಗ್ರಾಮಿನವು ಒಂದಷ್ಟು. ಎಲ್ಲ ತಂತಮ್ಮ ಕೆಲಸ ಮಾಡಿಕೊಂಡು ತೆರೆಮರೆಯಲ್ಲಿ ಬಿದ್ದಿರುವಂಥವು. ತಂಗಿ ಒಂದೊಂದರ ಯಜಮಾನನನ್ನೂ ವಿಚಾರಿಸಿ, ನೀನು ಹೋಗು, ನೀನು ಹೋಗು ಎಂದು ಕಳಿಸುತ್ತ ಬಂದಳು.

ಒಂದು ಉಳಿಯಿತು.

ಅದಕ್ಕೆ ಹೆಸರಿಲ್ಲ. ಅಂಚಿಲ್ಲ. ಮುಚ್ಚುವ ಗುಂಡಿಯಿಲ್ಲ. ಸದಾ ಎಲ್ಲದರ ಮೇಲೆಯೇ ಇರಬೇಕು ಎಂಬ ಆಜ್ಞೆ ಹೊತ್ತುಕೊಂಡಿದೆ, ಆದರೆ ಈಗ ಅಡಗಿದೆ. ಯಜಮಾನ ಈ ಮನೆಯವನಲ್ಲ. ಗಡಿಯಾರ ಎಂಬ ಸಾಧು ಹೆಸರಿಟ್ಟುಕೊಂಡ ಬೇರೊಂದು ಪ್ರೋಗ್ರಾಮು.

ತಂಗಿ ಅದರ ಅಳತೆ ನೋಡಿದಳು. ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಅಗಲ, ಎತ್ತರ. ಆಮೇಲೆ ಮೂರನೇ ಕೋಣೆಯ ಚೌಕದ ಅಳತೆ ನೋಡಿದಳು. ಮತ್ತೊಮ್ಮೆ ಇದನ್ನು ನೋಡಿದಳು. ಒಂದರ ಮೇಲೊಂದಿಟ್ಟು ಕತ್ತರಿಸಿದ ಹಾಗೆ ತಾಳೆಯಾಗುತ್ತಿತ್ತು.

ಅದರ ಹೊಟ್ಟೆಯೊಳಗೆ ಒಂದೇ ಒಂದು ಮಗು, ಬರಿಯ ಬರಹ: ಇಪ್ಪತ್ತು ಪಾಯಿಂಟ್ ಒಂಬತ್ತು. ನಾವು ನೀವು ಉಸಿರಾಡುವ ಗಾಳಿಯಲ್ಲಿರುವ ಆಮ್ಲಜನಕ.

ಅಡಗಿದ್ದನ್ನು ತೋರಿಸುವ ಗುಂಡಿ ಅವಳ ಪ್ರೋಗ್ರಾಮಿನಲ್ಲಿತ್ತು. ಫೋನು ಇನ್ನೂ ವಿಡಿಯೋ ಹಿಡಿಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡು, ಏನು ಮಾಡಲು ಹೊರಟಿದ್ದೇನೆಂದು ಬಾಯಿಬಿಟ್ಟು ಹೇಳಿ, ಒತ್ತಿದಳು.

ಕೆಂಪು ಅಡ್ಡಗೆರೆ ಮಾಯವಾಯಿತು. ಆ ಜಾಗದಲ್ಲಿ ಎಳೆಹಸಿರು ಚೌಕ, ಅದರಲ್ಲಿ ದುಂಡಗಿನ ಅಂಕಿ. ಅಕ್ಕಪಕ್ಕದ ಚೌಕಗಳಿಗಿದ್ದ ಅದೇ ಅಳತೆ, ಅದೇ ಅಕ್ಷರ. ಎಲ್ಲಿ ಸುಳ್ಳು ಮುಗಿದು ಎಲ್ಲಿ ನಿಜ ಶುರುವಾಗುತ್ತದೆ ಎಂದು ಮೂಗು ತಾಗಿಸಿ ನೋಡಿದರೂ ತಿಳಿಯುತ್ತಿರಲಿಲ್ಲ. ಸೆನ್ಸರೇ ಇಲ್ಲದ ಕೋಣೆಯಲ್ಲಿ ಗಾಳಿ ಸೊಗಸಾಗಿದೆ ಎಂದು ತೆರೆ ಹೇಳುತ್ತಿತ್ತು.

ಅಕ್ಕ ಕಂಡದ್ದು ಇದನ್ನೇ. ತಂಗಿ ಆ ವಿಂಡೋವನ್ನು ಮೊದಲಿನಂತೆ ಅಡಗಿಸಿದಳು.

ಆ ಗಡಿಯಾರ ಪ್ರೋಗ್ರಾಮು ಶುರುವಾದದ್ದು ಯಾವಾಗ? ಭಾವ ಸತ್ತ ದಿನವೇ ಬೆಳಿಗ್ಗೆ, ಕೆಲಸ ಆರಂಭವಾದ ಮೇಲೆ. ಶುರುಮಾಡಿದವರು ಯಾರು? ಅದು ತಿಳಿಯುವಂತಿರಲಿಲ್ಲ, ಎಲ್ಲರೂ ಬಳಸುವುದು ಒಂದೇ ಪಾಸ್‌ವರ್ಡು. ಅಂದು ಬೆಳಿಗ್ಗೆ ಈ ಕೋಣೆಗೆ ಬಂದು ಕಂಪ್ಯೂಟರ್ ಮುಟ್ಟಿದವರು ಇಬ್ಬರು: ಅಕ್ಕ, ಮತ್ತೆ ಅಕ್ಕನ ಮೈದುನ, ಭಾವನ ಒಡಹುಟ್ಟಿದ ತಮ್ಮ. ಅಣ್ಣತಮ್ಮಂದಿರು ಮಾತು ಬಿಟ್ಟು ತಿಂಗಳಾಗಿತ್ತೆಂದು ಇಡೀ ಕೋಲ್ಡ್ ಸ್ಟೋರೇಜಿಗೆ ಗೊತ್ತು. ಈಗ ಇದೆಲ್ಲಕ್ಕೂ ಅವನೊಬ್ಬನೇ ಯಜಮಾನ.

ಮೈದುನನೇ. ಇನ್ಯಾರು?

ಆದರೆ ಕಲ್ಲು ಹುಡುಕುವ ಬುದ್ಧಿ ಅಷ್ಟಕ್ಕೇ ಸುಮ್ಮನಿರಲಿಲ್ಲ. ವಿಂಡೋ ತಾನಾಗಿ ಅಡಗುವುದಿಲ್ಲ, ಯಾರಾದರೂ ಅಡಗಿಸಬೇಕು. ಭಾವ ಒಳಗೆ ಹೋದ ಹೊತ್ತಿನಿಂದ ಜನ ಕೂಗಿಕೊಂಡು ಓಡಿಬರುವವರೆಗೆ ಈ ಕೀಬೋರ್ಡನ್ನು ಮುಟ್ಟಿದವಳು ಅಕ್ಕ ಒಬ್ಬಳೇ ಎಂದು, ತೆರೆ ಕಾಣದೆ ಕೈಗಳಷ್ಟೇ ಕಾಣುವ ಚಾವಣಿಯ ಕ್ಯಾಮೆರಾ ನೋಡಿ ಇನ್‌ಸ್ಪೆಕ್ಟರು ಹೇಳಿದ್ದ. ಇಷ್ಟು ಹೊತ್ತಾದ ಮೇಲೆ ತಾನೇ ಅಡಗಿಕೊ ಎಂದು ಮೊದಲೇ ಹೇಳಿಟ್ಟಿರಬಹುದು. ಹೌದು, ಹಾಗೂ ಮಾಡಬಹುದು. ಹಾಗೆ ಮಾಡಿದ್ದಾರೆಯೇ ಎಂದು ಪ್ರೋಗ್ರಾಮನ್ನು ಬಗೆದು ನೋಡಿದರೆ ತಿಳಿದೇಬಿಡುತ್ತದೆ.

ಅವಳ ಬೆರಳು ಮೌಸಿನ ಮೇಲೆ ಸುಮ್ಮನೆ ನಿಂತಿತು. ನೋಡಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಗಾಜಿಗೆ ಯಾರೋ ಬೆರಳಗೆಣ್ಣಿನಿಂದ ಕುಟ್ಟಿದರು.

ಮೈದುನ ನಿಂತಿದ್ದ. ತೋಳು ಮಡಚಿದ ಅಂಗಿ, ಕೈಯಲ್ಲಿ ಕೀಲಿಗೊಂಚಲು, ಅವನ ಹಿಂದೆ ಖಾಲಿ ನಡುದಾರಿ. ಅವನು ಗೋಡೆಯ ಮೇಲಿನ ಇಂಟರ್‌ಕಾಮ್ ಪೆಟ್ಟಿಗೆಯ ಗುಂಡಿ ಒತ್ತಿದ. ಒಮ್ಮೆ ಒತ್ತಿದರೆ ತೆರೆದೇ ಇದ್ದು ಒಳಗೂ ಹೊರಗೂ ಕೂಗಿ ಹೇಳುವ ಆ ಪೆಟ್ಟಿಗೆ ಯಂತ್ರಗಳ ಗದ್ದಲದಲ್ಲೂ ಕೇಳಬೇಕೆಂದು ಇಟ್ಟದ್ದು, ಅದರಲ್ಲಿ ಗುಟ್ಟಿನ ಮಾತಿಗೆ ಜಾಗವಿರಲಿಲ್ಲ.

"ಕನ್ನಡಕ ಸಿಕ್ತಾ?"

"ಹುಡುಕ್ತಾ ಇದೀನಿ."

"ಅಗುಳಿ ಹಾಕ್ಕೊಂಡು ಹುಡುಕ್ತಾರಾ?"

ಅವನ ಕಣ್ಣು ಅವಳನ್ನು ದಾಟಿ ಒರಗಿಸಿಟ್ಟ ಫೋನಿನ ಮೇಲೆ, ಅಲ್ಲಿಂದ ಪೆನ್‌ಡ್ರೈವಿನ ಮೇಲೆ ಹೋಯಿತು. ಅಲ್ಲೇ ನೆಟ್ಟಿತು.

ಅದನ್ನು ಕಿತ್ತು ಮೇಜಿನ ಮೇಲಿಟ್ಟು ಹೊರಗೆ ಬನ್ನಿ ಎಂದ. ದನಿ ಏರಿಸಲಿಲ್ಲ. ಪೊಲೀಸರಿಗೆ ತಾನೇ ಹೊರಗಿನಿಂದ ಫೋನ್ ಮಾಡಿ ಬಂದಾಗಿದೆ, ಅವರು ದಾರಿಯಲ್ಲಿದ್ದಾರೆ, ಅತ್ತಿಗೆಗೂ ಹೇಳಿಕಳಿಸಿದ್ದೇನೆ, ತಮ್ಮ ತಂಗಿ ಏನು ಮಾಡುತ್ತಿದ್ದಾಳೆಂದು ಅವರೂ ಬಂದು ನೋಡಲಿ ಎಂದ. ಇನ್‌ಸ್ಪೆಕ್ಟರು ಬಂದರೆ ಅವರಿಗೆ ಮಾತ್ರ ಬಾಗಿಲು ತೆಗೆಯುತ್ತೇನೆ, ಅಲ್ಲಿಯವರೆಗೆ ಕಂಪ್ಯೂಟರ್ ಓಡುತ್ತಿರಬೇಕು ಎಂದಳು ತಂಗಿ. ಯಾಕೆ ಎಂದು ಅವನು ಕೇಳಿದ. ಅದನ್ನು ನಿಮಗೆ ಹೇಳುವುದಿಲ್ಲ ಎಂದಳು.

ಅವನು ಎದುರು ಗೋಡೆಯ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ, ಮುಚ್ಚಳ ತೆರೆದು, ಒಂದು ಹಿಡಿಯನ್ನು ಕೆಳಗೆಳೆದ.

ಕೋಣೆಯ ದೀಪ ಹೋಯಿತು. ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಮೇಜಿನಡಿಯ ಬ್ಯಾಟರಿ ಪೆಟ್ಟಿಗೆ ಕೀಂಯ್ ಕೀಂಯ್ ಎಂದು ಕೂಗತೊಡಗಿತು. ಕಂಪ್ಯೂಟರ್ ಮಾತ್ರ ಆ ಬ್ಯಾಟರಿಯ ಆಸರೆಯಲ್ಲಿ ಇನ್ನೂ ಉಸಿರು ಹಿಡಿದಿತ್ತು.

ತಂಗಿ ಮಂಡಿಯೂರಿ ಮೇಜಿನಡಿ ನುಗ್ಗಿದಳು. ಪ್ರಿಂಟರಿನ ವೈರು ಕಿತ್ತಳು, ಸ್ಪೀಕರಿನದು ಕಿತ್ತಳು, ಬ್ಯಾಟರಿಯನ್ನು ಹೀರುವ ಎಲ್ಲವನ್ನೂ ತಡಕಿ ತಡಕಿ ಕಿತ್ತಳು. ಯಾವುದರ ಬದಲು ಯಾವುದನ್ನು ಎಳೆದುಬಿಡುತ್ತೇನೋ ಎಂದು ಒಂದೊಂದು ವೈರನ್ನೂ ತುದಿಯವರೆಗೆ ಹಿಡಿದು ನೋಡಿದಳು. ಧೂಳು ಮೂಗಿಗೆ ಹೊಕ್ಕಿತು. ಹೊರಬರುವಾಗ ಮೇಜಿನ ಅಂಚು ತಲೆಗೆ ಬಡಿಯಿತು.

ಈಗ ಅವಳು ಕತ್ತಲಲ್ಲಿ, ಅವನು ಬೆಳಕಿನಲ್ಲಿ. ಗಾಜಿನ ತೊಟ್ಟಿಯಲ್ಲಿ ಸಿಕ್ಕಿದ ಮೀನಿನಂತೆ ಇರುವುದು ತಾನೋ ಅವನೋ ಎಂದು ಹೇಳಲಾಗದಂತಾಯಿತು.

ಬಾಗಿಲು ತೆರೆದು ಓಡಬಹುದಿತ್ತು. ವಿಡಿಯೋ ಫೋನಿನಲ್ಲಿದೆ. ಆದರೆ ಆ ವಿಡಿಯೋಗೆ ಯಾವ ಬೆಲೆ? ಆರೋಪ ಹೊತ್ತವಳ ಒಡಹುಟ್ಟಿದವಳು, ಅದೂ ಇಂಥದನ್ನೇ ಅರೆದು ಕುಡಿದವಳು, ಸುಳ್ಳು ಹೇಳಿ ಒಳಗೆ ನುಗ್ಗಿ ತೆಗೆದದ್ದು. ಆ ವಿಂಡೋವನ್ನು ನೀನೇ ಪೆನ್‌ಡ್ರೈವಿನಲ್ಲಿ ತಂದು ಇಟ್ಟೆ ಎಂದರೆ ಬಾಯಿ ಮುಚ್ಚಿಕೊಳ್ಳಬೇಕು. ಭಾವ ಸತ್ತ ಬೆಳಿಗ್ಗೆಯಿಂದ ಅದು ಇಲ್ಲೇ ಜೀವಂತ ಕೂತಿದೆ ಎನ್ನುವುದಕ್ಕೆ ಈ ಕಂಪ್ಯೂಟರೇ ಸಾಕ್ಷಿ. ಅದು ಇನ್‌ಸ್ಪೆಕ್ಟರಿನ ಕಣ್ಣೆದುರೇ ನುಡಿಯಬೇಕು.

ಹೊರಗೆ ಹೋದರೆ ಸಾಕ್ಷಿ ಸಾಯುತ್ತದೆ. ಒಳಗಿದ್ದರೆ ಬ್ಯಾಟರಿ ಸಾಯುತ್ತದೆ.

"ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂದ್ಕೊಂಡಿದೀರ?" ಪೆಟ್ಟಿಗೆಯಿಂದ ಅವನ ಮಾತು ಬಂತು. "ಅದು ಹಳೇದು. ನಾನೇ ತಂದು ಕೂರಿಸಿದ್ದು."

"ನಿಮಗೆ ಇದು ಆರಬೇಕು. ಯಾಕೆ ಅಷ್ಟು ಅವಸರ?"

"ನೀವು ಅಳಿಸಿಬಿಡ್ತೀರ ಅಂತ."

ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ತಂಗಿಗೆ ಅನುಮಾನವಾಯಿತು. "ಏನು ಅಳಿಸ್ತೀನಿ?"

"ಅತ್ತಿಗೆಗೆ ಕೆಂಪು ಕಾಣಿಸ್ತಾ ಇತ್ತು ಅನ್ನೋ ದಾಖಲೆ. ಅದೊಂದನ್ನ ಅಳಿಸಿದ್ರೆ ಅವರು ಪಾರಾದ್ರು. ನೀವು ಓದಿರೋದೇ ಅದನ್ನ. ನಾನೇನು ದಡ್ಡನಾ?"

ಅವನು ಗಾಜಿಗೆ ಎರಡೂ ಅಂಗೈ ಊರಿ ಹತ್ತಿರ ಬಂದ. ಕೆಂಡಾಮಂಡಲವಾದ ಮುಖವನ್ನು ನಿರೀಕ್ಷಿಸಿದ್ದಳು ತಂಗಿ. ಅಲ್ಲಿದ್ದದ್ದು ದಿನಗಟ್ಟಲೆ ನಿದ್ದೆ ಕಾಣದ ಮುಖ.

ಆಮೇಲೆ ಅವನು ಹೇಳತೊಡಗಿದ, ಯಾರಿಗೆ ಹೇಳುತ್ತಿದ್ದೇನೆಂಬುದನ್ನೇ ಮರೆತವನಂತೆ. ಅಂದು ಮೂರನೇ ಕೋಣೆಯ ಬಾಗಿಲು ಅರ್ಧ ತೆರೆದದ್ದನ್ನು ಮೊದಲು ಕಂಡವನು ಅವನಂತೆ. ಕ್ರೇಟುಗಳ ನಡುವೆ ಅಣ್ಣನ ಕಾಲು ಕಾಣುತ್ತಿತ್ತು. ಆಮ್ಲಜನಕದ ಮುಖವಾಡ ತರಲು ಓಡಿದರೆ ತಡವಾದೀತೆಂದು ಎದೆ ತುಂಬ ಉಸಿರು ತೆಗೆದುಕೊಂಡು ಹಾಗೇ ನುಗ್ಗಿದ. ಕಾಲು ಹಿಡಿದು ಎಳೆದ. ಅರ್ಧಕ್ಕೇ ಉಸಿರು ತೀರಿತು, ಬಿಟ್ಟು ಹೊರಗೆ ಓಡಿಬಂದ, ಇನ್ನೊಂದು ಉಸಿರು ಎಳೆದುಕೊಂಡು ಮತ್ತೆ ನುಗ್ಗಿದ. ಹೊರಗೆ ಎಳೆದು ತರುವ ಹೊತ್ತಿಗೆ ಅಣ್ಣನ ಕೈಯಲ್ಲಿ ಒಂದು ಸೇಬು ಇನ್ನೂ ಹಾಗೇ ಇತ್ತು.

"ಮಾತು ಬಿಟ್ಟಿದ್ವಿ ನಾವು," ಎಂದ. "ನಾಳೆ ಮಾತಾಡೋಣ, ನಾಡಿದ್ದು ಮಾತಾಡೋಣ ಅಂತಲೇ ಇದ್ದೆ."

ಪೆಟ್ಟಿಗೆಯಲ್ಲಿ ಅವನ ಉಸಿರಾಟ ಮಾತ್ರ ಕೇಳುತ್ತಿತ್ತು.

ಅವನು ಅರ್ಧಕ್ಕೆ ಬಿಟ್ಟು ಬಂದು ಮತ್ತೆ ಒಳಗೆ ಹೋದದ್ದು ಯಾರಿಗೂ ಗೊತ್ತಿರಲಿಲ್ಲ. ಕೊಂದವನು ಎರಡನೇ ಸಲ ಒಳಗೆ ಹೋಗುತ್ತಾನೆಯೇ? ನಾಟಕವಾಡುವವನು ಹೋಗಬಹುದು. ಆದರೆ ಉಸಿರು ಕಟ್ಟಿಕೊಂಡು, ಸಾಯುವ ಜಾಗಕ್ಕೆ? ತಂಗಿ ಇಷ್ಟು ಹೊತ್ತು ಕಟ್ಟಿಕೊಂಡಿದ್ದ ಲೆಕ್ಕಾಚಾರವೆಲ್ಲ ಬುಡ ಅಲುಗಿ ನಿಂತಿತು. ಗಾಜಿನ ಈಚೆಗೆ ತಾನು, ಆಚೆಗೆ ಅವನು. ಇಬ್ಬರೂ ಎದುರಿಗಿದ್ದವರನ್ನು ಸಾಕ್ಷಿ ಕದಿಯುವ ಕಳ್ಳರೆಂದು ತಿಳಿದು ಕಾವಲು ನಿಂತಿದ್ದೇವೆ.

ಬ್ಯಾಟರಿಯ ಕೂಗು ಬಿಡುವಿಲ್ಲದೆ ಕೇಳತೊಡಗಿತು. ಇನ್ನೇನು ಕೊನೆ ಎಂಬ ಸೂಚನೆ ಅದು.

ತಂಗಿ ಎದ್ದು ಗಾಜಿನ ಹತ್ತಿರ ಬಂದಳು. "ನೋಡಿ," ಎಂದಳು, "ನಾನು ಒಂದಕ್ಷರ ಅಳಿಸಿಲ್ಲ. ಅಳಿಸೋದೂ ಇಲ್ಲ. ನಿಮ್ಮಣ್ಣ ಹೇಗೆ ಸತ್ತರು ಅನ್ನೋದು ಇದರೊಳಗಿದೆ. ಇದು ಆರಿಹೋದ್ರೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಸಾಯೋವರೆಗೂ ಗೊತ್ತಾಗಲ್ಲ."

ಅವನು ಅವಳನ್ನೇ ನೋಡಿದ. ನಂಬುವುದೋ ಬಿಡುವುದೋ ಎಂದು ತೂಗುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

"ಕೈ ಎರಡೂ ಗಾಜಿನ ಮೇಲಿಡಿ," ಎಂದ ಕೊನೆಗೆ. "ಪೊಲೀಸರು ಬರೋವರೆಗೂ ತೆಗೀಬಾರದು. ನಾನು ನೋಡ್ತಾ ಇರ್ತೀನಿ."

ತಂಗಿ ಇಟ್ಟಳು. ಗಾಜು ಮಂಜಿನಂತೆ ತಣ್ಣಗಿತ್ತು. ಅವನು ಹಿಂದಕ್ಕೆ ಹಿಂದಕ್ಕೆ ನಡೆದು, ಅವಳ ಕೈಗಳಿಂದ ಕಣ್ಣು ತೆಗೆಯದೆ, ತಡಕಾಡಿ ಆ ಹಿಡಿಯನ್ನು ಮೇಲಕ್ಕೆತ್ತಿದ.

ದೀಪ ಬಂತು. ಕೂಗು ನಿಂತಿತು. ಬೆನ್ನ ಹಿಂದೆ ಕಂಪ್ಯೂಟರಿನ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ತಂಗಿ ಗಾಜಿನ ಮೇಲಿನ ಕೈ ತೆಗೆಯಲಿಲ್ಲ.

ನಡುದಾರಿಯ ತುದಿಯ ಬಾಗಿಲು ತೆರೆದುಕೊಂಡಿತು. ಬಂದದ್ದು ಪೊಲೀಸರಲ್ಲ, ಅಕ್ಕ.

ಓಡೋಡಿ ಬಂದಿದ್ದಳು. ಕೂದಲು ಕೆದರಿತ್ತು. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿಕೊಂಡು ಗಾಜಿನ ಹತ್ತಿರ ಬಂದು, ತಂಗಿಯ ಅಂಗೈ ಇದ್ದ ಜಾಗಕ್ಕೇ ಆಚೆಯಿಂದ ತನ್ನ ಅಂಗೈ ಇಟ್ಟಳು. ಇಷ್ಟೇ ದಿನದಲ್ಲಿ ಆ ಬೆರಳುಗಳು ಬಡಕಲಾಗಿಬಿಟ್ಟಿದ್ದವು. ಮೈದುನ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ.

"ಪುಟ್ಟಿ, ಬಾಗಿಲು ತೆಗಿ," ಎಂದಳು ಅಕ್ಕ.

"ತೆಗೀತೀನಿ ಅಕ್ಕ. ಇನ್‌ಸ್ಪೆಕ್ಟರು ಬರಲಿ." ಬಿಗಿಹಿಡಿದದ್ದೆಲ್ಲ ಒಮ್ಮೆಗೇ ಉಕ್ಕಿ ಬಂದು ತಂಗಿಯ ದನಿ ಒಡೆಯಿತು. "ನೀನು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಆಧಾರ ಸಿಕ್ತು. ಇನ್ನು ನಿನ್ನನ್ನ ಯಾರೂ ಏನೂ ಮಾಡೋ ಹಾಗಿಲ್ಲ."

ಅಕ್ಕ ಅಳುತ್ತಾಳೆ, ಇಲ್ಲವೇ ನಗುತ್ತಾಳೆ, ಇಲ್ಲವೇ ಕುಸಿದು ಕೂರುತ್ತಾಳೆ ಎಂದುಕೊಂಡಿದ್ದಳು ತಂಗಿ. ಯಾವುದೂ ಆಗಲಿಲ್ಲ. ಅಕ್ಕನ ಮುಖದಿಂದ ರಕ್ತ ಇಳಿದುಹೋಯಿತು. ತುಟಿಯವರೆಗೂ ಬಿಳಿಚಿತು.

"ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ. ಇನ್ನೂ ಯಾರಿಗೂ ಇಲ್ಲ."

ಅಕ್ಕ ಒಮ್ಮೆ ನಡುದಾರಿಯ ತುದಿಯತ್ತ ನೋಡಿದಳು. ಹೊರಗೆಲ್ಲೋ ವ್ಯಾನು ನಿಂತ ಸದ್ದು, ಅದರ ಬಾಗಿಲು ಬಡಿದುಕೊಂಡ ಸದ್ದು. ಅವಳು ಪೆಟ್ಟಿಗೆಗೆ ಬಾಯಿ ತಾಗುವಷ್ಟು ಹತ್ತಿರ ಬಾಗಿದಳು. ಪಿಸುಮಾತಿನಲ್ಲೇ ಹೇಳಿದಳು. ಪೆಟ್ಟಿಗೆ ಅದನ್ನು ಇಡೀ ನಡುದಾರಿಗೆ ಕೇಳಿಸಿತು.

"ಹಾಗಾದ್ರೆ ಒಳಗಡೆ ಅಡಗಿರೋ ಆ ಪುಟ್ಟ ವಿಂಡೋನ ಮುಚ್ಚಿಬಿಡು. ಕಂಪ್ಯೂಟರ್ ಆಫ್ ಮಾಡಿ ಆಚೆ ಬಾ. ಜೈಲಿಗೆ ನಾನು ಹೋಗ್ತೀನಿ ಕಣೆ, ಹೋಗೋಕೆ ಒಪ್ಕೊಂಡಾಗಿದೆ. ಅದನ್ನ ಮಾತ್ರ ಯಾರೂ ನೋಡಬಾರದು."

ತಂಗಿಯ ಕೈ ಗಾಜಿನಿಂದ ತಾನಾಗಿ ಜಾರಿತು.

ವಿಂಡೋ ಎಂಬ ಮಾತನ್ನು ಆ ಗಳಿಗೆಯವರೆಗೆ ಅವಳು ಒಬ್ಬರ ಮುಂದೆಯೂ ಎತ್ತಿರಲಿಲ್ಲ. ಮೈದುನನ ಮುಂದೆ ಇಲ್ಲ, ಅಕ್ಕನ ಮುಂದೆಯೂ ಇಲ್ಲ. ಅಂಕಿ ಹಸಿರಾಗಿತ್ತು ಎಂದು ನಂಬಿದವರಿಗೆ ಅದು ಅಂಕಿ ಮಾತ್ರ. ಅದರ ಹಿಂದೆ ಇನ್ನೊಂದಿದೆ, ಅದು ಈಗಲೂ ಒಳಗೆ ಅಡಗಿದೆ ಎಂಬುದು ಗೊತ್ತಿರಬೇಕಾದರೆ ಅದನ್ನು ಇಟ್ಟವರಾಗಿರಬೇಕು. ಇಲ್ಲವೇ ಇಟ್ಟವರು ಯಾರೆಂದು ಬಲ್ಲವರಾಗಿರಬೇಕು.

ನಡುದಾರಿಯ ತುದಿಯಲ್ಲಿ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು. ಅಕ್ಕ ಕಣ್ಣಲ್ಲೇ ಬೇಡುತ್ತಿದ್ದಳು. ತಂಗಿಯ ಬೆನ್ನ ಹಿಂದೆ ಮೌಸು ಒಂದು ಕೈಯ ದೂರದಲ್ಲಿತ್ತು.

ಹಿಂದೆ ಸರಿದು ನಿಂತಿದ್ದ ಮೈದುನ ನಿಧಾನವಾಗಿ ಅಕ್ಕನತ್ತ ತಿರುಗಿದ.

"ಯಾವ ವಿಂಡೋ, ಅತ್ತಿಗೆ?"